ಗೆದ್ದವರ ಕಲ್ಲು

ಗದಗ ಬಳಿಯ ಸೊರಟೂರ ಬಯಲಿನಲ್ಲಿ 1191ರ ಸುಮಾರಿಗೆ ಹೊಯ್ಸಳ ಇಮ್ಮಡಿ ವೀರಬಲ್ಲಾಳ, ದೇವಗಿರಿಯ ಸೇವುಣ ದೊರೆ ಐದನೆಯ ಭಿಲ್ಲಮನನ್ನು ಸೋಲಿಸಿದ. ಅದರಲ್ಲಿ ಅನುಮಾನವಿಲ್ಲ. ಒರೆಗೆ ಹಚ್ಚಬೇಕಾದದ್ದು ಆ ಗೆಲುವನ್ನು ಕಲ್ಲಿನಲ್ಲಿ ಸಾರಿದ ರೀತಿಯನ್ನು.

ಸೇವುಣರ ಕಡೆ 2 ಲಕ್ಷ ಕಾಲಾಳು, 12,000 ಕುದುರೆ ಇದ್ದವಂತೆ. ಆಳಿಗೆ ಅರ್ಧ ಕಿಲೋ ಜೋಳ ಹಿಡಿದರೂ ದಿನಕ್ಕೆ 1,000 ಕ್ವಿಂಟಲ್ ಬೇಕು. ಕುದುರೆಗಳ ಮೇವು, ನೀರು ಬೇರೆ. ಮಳೆ ನಂಬಿ ಬದುಕುವ ಈ ಎರೆ ಸೀಮೆ ಅಷ್ಟು ಬಾಯಿಗಳನ್ನು ಎಷ್ಟು ದಿನ ಸಾಕೀತು? 1198ರ ಹೊಯ್ಸಳ ಶಾಸನವಂತೂ ಬಲ್ಲಾಳ ಭಿಲ್ಲಮನ ತಲೆಯನ್ನೇ ಸಾಣೆಕಲ್ಲು ಮಾಡಿ ಕತ್ತಿ ಮಸೆದು, ಅದನ್ನು ಜೈತುಗಿಯ ಬಾಯಿಗೆ ತುರುಕಿದನೆಂದು ಬಣ್ಣಿಸುತ್ತದೆ. ಭಿಲ್ಲಮನ ಮಗನಾದ ಆ ಜೈತುಗಿ ಯುದ್ಧದ ನಂತರವೂ ವರ್ಷಗಟ್ಟಲೆ ದೇವಗಿರಿಯನ್ನು ಆಳಿದ. ಯುದ್ಧದ ಬಿಸಿ ಆರುವ ಮೊದಲೇ, 1192ರಲ್ಲಿ ಬಲ್ಲಾಳನೇ ಬರೆಸಿದ ಗದಗ ಶಾಸನದಲ್ಲಿ ಭಿಲ್ಲಮನನ್ನು ಕೊಂದ ಮಾತೇ ಇಲ್ಲ. ಆರು ವರ್ಷದಲ್ಲಿ ಸೋಲು ಹೋಗಿ ಸಾವಾಯಿತು. ಪದ್ಯವಾಗಿ ಆ ಬಣ್ಣನೆ ಬಿಗಿಯಾಗಿದೆ, ಒಪ್ಪುತ್ತೇನೆ. ಆದರೆ ಆ ಬಿಗಿಯೇ ಅಪಾಯ: ಕೇಳಿದವನಿಗೆ ದೊರೆಯ ಕತ್ತಿ ಕಾಣುತ್ತದೆ, ತುಳಿದುಹೋದ ಹೊಲ ಕಾಣುವುದಿಲ್ಲ.

ಆದರೂ ಶಾಸನದ ಕಲ್ಲಿಗೆ ಬರೆಸಿದ ಒಡೆಯನಿದ್ದಾನೆ, ಕಾಲವಿದೆ. 1191ರ ಜೂನ್‌ನಲ್ಲಿ ಗದಗಿನ ತ್ರಿಕೂಟೇಶ್ವರನಿಗೆ ದತ್ತಿ ಬಿಟ್ಟವನು ಭಿಲ್ಲಮ. ಮರುವರ್ಷ ಅದೇ ದೇವರಿಗೆ ದತ್ತಿ ಬಿಟ್ಟವನು ಬಲ್ಲಾಳ. ಇಂಥ ಶಾಸನಗಳನ್ನು ಪಕ್ಕಪಕ್ಕ ಇಟ್ಟು ಓದಿಯೇ ಇತಿಹಾಸಕಾರರು ಉತ್ಪ್ರೇಕ್ಷೆಯನ್ನು ಸೋಸಿದರು.

ಮೊಬೈಲಿನಲ್ಲಿ ಬರುವ ಫಾರ್ವರ್ಡಿಗೆ ಒಡೆಯನೂ ಇಲ್ಲ, ಕಾಲವೂ ಇಲ್ಲ. 2018ರ ಜುಲೈ 13ರಂದು ಬೀದರ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದ ಗೆಳೆಯರು ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ಅವರ ಕಾರಿಗಿಂತ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಮುರ್ಕಿ ಗ್ರಾಮ ಮುಟ್ಟಿತ್ತು. ಜನ ದಾರಿಗೆ ಅಡ್ಡಗಟ್ಟಿ ಹೊಡೆದರು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ, ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದೆಂದು ಮಿತಿ ಹಾಕಿತು. ಅದರಿಂದ ವೇಗ ತಗ್ಗೀತು. ಇದನ್ನು ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಕೇಳುವ ರೂಢಿ ಬರುವುದಿಲ್ಲ.

ಆ ರೂಢಿ ಬರಬೇಕಾದರೆ, ನಮ್ಮ ಸಾಲಿ ಮಕ್ಕಳನ್ನು ತ್ರಿಕೂಟೇಶ್ವರಕ್ಕೆ ಪ್ರವಾಸ ಕರೆದೊಯ್ಯುವ ಮಾಸ್ತರರು ಕಂಬದ ಕೆತ್ತನೆ ತೋರಿಸಿ ಹೊರಡಬಾರದು. ಭಿಲ್ಲಮ ಏನು ಬರೆಸಿದ, ಬಲ್ಲಾಳ ಏನು ಬರೆಸಿದ ಎಂಬ ಎರಡನ್ನೂ ಓದಿ ಹೇಳಿ, ಯಾವ ಮಾತನ್ನು ಎಷ್ಟು ನಂಬಬೇಕೆಂದು ಮಕ್ಕಳನ್ನೇ ಕೇಳಬೇಕು.