ಕೇಡಗಾಂವದ ಅನ್ನ, ರಮಾಬಾಯಿಯವರ ಸಾಕ್ಷಿ

ಪುಣೆಯಲ್ಲಿರೋ ನಮ್ಮ ಕನ್ನಡದವರಿಗೆ ಪಂಡಿತಾ ರಮಾಬಾಯಿ ಅಂದರೆ ಸ್ವಲ್ಪ ಹೆಮ್ಮೆ, ಸ್ವಲ್ಪ ಮುಜುಗರ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಮಾಳದವರು. ಮಗಳು ಹುಟ್ಟಿದ್ದು 1858ರಲ್ಲಿ, ಘಟ್ಟದ ಗಂಗಾಮೂಲದಲ್ಲಿ. ಇದು ಹೆಮ್ಮೆಗೆ. ಮುಜುಗರ, ಅವರು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದದ್ದಕ್ಕೆ. ನಾನು ಕೂತು ಕೇಳಿದ ಸಭೆಗಳಲ್ಲಿ ಭಾಷಣಕಾರರು ಮೊದಲನೆಯದನ್ನು ಹೇಳಿ ಚಹಾಕ್ಕೆ ಏಳುತ್ತಾರೆ.

ಪುಣೆಯಿಂದ ದೌಂಡ್ ಕಡೆಗೆ ಹೋಗುವ ರೈಲುದಾರಿಯಲ್ಲಿ ಕೇಡಗಾಂವ ಸಿಗುತ್ತದೆ. ಅವರ ಮುಕ್ತಿ ಮಿಷನ್ ಇರುವುದು ಅಲ್ಲಿ. 1907ರಲ್ಲಿ ಅಲ್ಲೇ ಅಚ್ಚಾದ ಅವರ ಇಂಗ್ಲಿಷ್ ಆತ್ಮಕಥನ 'ಎ ಟೆಸ್ಟಿಮನಿ ಆಫ್ ಅವರ್ ಇನ್‌ಎಕ್ಸಾಸ್ಟಿಬಲ್ ಟ್ರೆಷರ್' ಸಣ್ಣ ಪುಸ್ತಕ. ಅದರ ಮೊದಲ ಭಾಗ ಓದಿ ನಾನು ಎರಡು ದಿನ ಸುಮ್ಮನಿದ್ದೆ.

1870ರ ದಶಕದ ಬರದಲ್ಲಿ ಊರೂರು ಅಲೆಯುತ್ತಿದ್ದ ಪುರಾಣಿಕರ ಕುಟುಂಬ ಅದು. ಇದ್ದ ದುಡ್ಡೆಲ್ಲ ದೇವರಿಗೆ, ದಾನಕ್ಕೆ ಮುಗಿದಿತ್ತು. ಕೂಲಿ ಮಾಡಲು ಬಾರದು, ಬೇಡಲು ನಾಚಿಕೆ. ಕಾಡಿನಲ್ಲಿ ಎಲೆ, ನೀರು ಸೇವಿಸಿ ದಿನ ಕಳೆದರು. ತಂದೆ ತೀರಿಕೊಂಡರು. ರಾಯಚೂರಿಗೆ ಬರುವಾಗ ತಾಯಿಗೂ ತ್ರಾಣವಿಲ್ಲ. ಮಗಳು ನೆರೆಮನೆಯ ಹೆಂಗಸಿನ ಮುಂದೆ ಹೋಗಿ ಒಂದು ತುಂಡು ಸಜ್ಜೆ ರೊಟ್ಟಿ ಕೇಳಬೇಕು, ಬಾಯೇ ಬರೋದಿಲ್ಲ. ಆ ಹೆಂಗಸು ಮರುಗಿ ಕೊಟ್ಟಳು. ತಾಯಿಗೆ ಮಾತ್ರ ಅದನ್ನು ತಿನ್ನಲಾಗಲಿಲ್ಲ. ಇಷ್ಟನ್ನು ರಮಾಬಾಯಿ ಕಣ್ಣೀರಿನ ಒತ್ತಾಯವಿಲ್ಲದೆ ಹೇಳುತ್ತಾರೆ. ಹಸಿವಿಗಿಂತ ನಾಚಿಕೆಯನ್ನು ಹೀಗೆ ಬರೆಯುವುದು ಕಷ್ಟ.

ಆದ್ದರಿಂದಲೇ ಪುಸ್ತಕದ ಉತ್ತರಾರ್ಧದ ಬಗ್ಗೆ ನನ್ನ ತಕರಾರು. 1896-97ರ ಬರದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ, ಸರ್ಕಾರಿ ಗಂಜಿಕೇಂದ್ರಗಳ ಆಸುಪಾಸಿನಲ್ಲಿ ಕೆಡುಕರ ಕೈಗೆ ಬೀಳುತ್ತಿದ್ದ ಹೆಣ್ಣುಮಕ್ಕಳನ್ನು ಕಂಡು, ಸುಮಾರು 300 ಮಂದಿಯನ್ನು ಕರೆತಂದವರು ಇವರು. 1900ರ ಗುಜರಾತ್ ಬರದ ಹೊತ್ತಿಗೆ ಕೇಡಗಾಂವದಲ್ಲಿದ್ದವರು 2,000ದ ಹತ್ತಿರ. ಅನ್ನ, ಅಕ್ಷರ, ಮಗ್ಗ, ಅಚ್ಚಿನ ಕೆಲಸ, ಎಲ್ಲ ಕೊಟ್ಟರು. ಆದರೆ ಪುಸ್ತಕದಲ್ಲಿ ಈ ಹುಡುಗಿಯರು ಗುಂಪಾಗಿ ಬರುತ್ತಾರೆ, ರಕ್ಷಣೆ ಪಡೆದ ಆತ್ಮಗಳ ಲೆಕ್ಕವಾಗಿ. ರಾಯಚೂರಿನ ಆ ಹುಡುಗಿಗೆ ಸಿಕ್ಕ ಗಂಟಲಿನ ನಡುಕ ಇವರಲ್ಲಿ ಒಬ್ಬಳಿಗೂ ಇಲ್ಲ. ಓದುಗರು ಹಣ ಕಳಿಸುವ ಪರದೇಶದ ಭಕ್ತರಾದ್ದರಿಂದ ಹೀಗಾಯ್ತು ಅನ್ನಬಹುದು. ನನಗೆ ಅಷ್ಟು ಸಾಲದು.

ಯಾಕೆಂದರೆ ಇದೇ ರಮಾಬಾಯಿ ಇಂಗ್ಲೆಂಡಿನಲ್ಲಿ ಸಿಸ್ಟರ್ ಜೆರಾಲ್ಡೀನ್ ಜೊತೆ ಪತ್ರಗಳಲ್ಲಿ ಹೇಗೆ ಜಗಳಾಡಿದರು ನೋಡಿ! ಇಲ್ಲಿನ ಪುರೋಹಿತರ ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕತ್ತು ಕೊಡೆನೆಂದು, ಚರ್ಚು ಹೇಳಿದ್ದನ್ನೆಲ್ಲ ಒಪ್ಪದೆ, ತನ್ನ ಮನಸ್ಸಾಕ್ಷಿಯನ್ನೇ ಹಿಡಿದು ನಿಂತವರು. (1977ರಲ್ಲಿ ಪ್ರಕಟವಾದ ಆ ಪತ್ರಗಳನ್ನು ಓದದೆ ಇವರನ್ನು ಹೊಗಳುವುದೂ ತೆಗಳುವುದೂ ವ್ಯರ್ಥ.) ಹೊಟ್ಟೆ ತುಂಬಿದ ಪಂಡಿತೆಗಿದ್ದ 'ಇಲ್ಲ' ಅನ್ನುವ ಹಕ್ಕು ಗಂಜಿಗೆ ಕೈಚಾಚಿದ ಹನ್ನೆರಡು ವರ್ಷದ ಹುಡುಗಿಗೆ ಇತ್ತೇ? ಸಾಕ್ಷಿ ಪುಸ್ತಕ ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ಹಾಗಂತ 'ಅನ್ನದಾಸೆ ತೋರಿಸಿ ಮತಾಂತರ' ಅಂತ ಕೂಗುವವರ ಸಾಲಿನಲ್ಲಿ ನಾನಿಲ್ಲ. 1893ರಲ್ಲಿ ಶಾರದಾ ಸದನದಿಂದ ಮಕ್ಕಳನ್ನು ಬಿಡಿಸಿಕೊಂಡು ಹೋದರಲ್ಲ, ಆ ಮಕ್ಕಳಿಗೆ ಕರೆದೊಯ್ಯುವ ಮನೆಯವರಿದ್ದರು. ಬರದ ಹುಡುಗಿಯರಿಗೆ ಯಾರಿದ್ದರು? ಲಾಲಾ ಲಜಪತ ರಾಯರು ಮತ್ತು ಆರ್ಯಸಮಾಜದವರು ಬರದ ಅನಾಥರಿಗೆ ಆಸರೆ ಕೊಟ್ಟದ್ದು ನಿಜ. ಮಿಷನರಿಗಳ ಕೈಗೆ ಮಕ್ಕಳು ಹೋಗಬಾರದೆಂಬ ಹಟವೂ ಅದರಲ್ಲಿತ್ತು. ಅಲ್ಲೂ ಮಗುವನ್ನು ಕೇಳಿದವರಿಲ್ಲ.

ಈಗಲೂ ಮಳೆ ಕೈಕೊಟ್ಟರೆ ರಾಯಚೂರು, ಕಲಬುರಗಿ ಕಡೆಯವರು ಪುಣೆಯ ಕಟ್ಟಡ ಕೆಲಸಕ್ಕೆ ಗಂಟುಮೂಟೆ ಕಟ್ಟಿಕೊಂಡು ಬರುತ್ತಾರೆ. ಅವರ ತಗಡಿನ ಶೆಡ್ಡುಗಳ ಹತ್ತಿರ ಕನ್ನಡ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ರೊಟ್ಟಿ ಕೊಟ್ಟ ಆ ನೆರೆಮನೆಯಾಕೆ. ಆಕೆಯಿಂದ ಅನ್ನ ಪಡೆದವಳು ಬರೆದಳು. ಕೇಡಗಾಂವದ ಹುಡುಗಿಯರು ಅಚ್ಚುಮೊಳೆ ಜೋಡಿಸಲು ಕಲಿತರು; ಈ ಪುಸ್ತಕದಲ್ಲಿ ಅವರ ಕಥೆ ಇಲ್ಲ.