ಗೆದ್ದವರ ತೋಟಾ ನಿಜಕ್ಕೂ ಹೆಚ್ಚು ನಿಖರವೇ?

ರೈಫಲ್ ಗುರಿಗಾರಿಕೆಯಲ್ಲಿ 'ಬೆಂಚ್‌ರೆಸ್ಟ್' ಎಂಬ ಒಂದು ವಿಶಿಷ್ಟ ಪ್ರಕಾರವಿದೆ. ಅಮೆರಿಕದಲ್ಲಿ ಬೆಳೆದು ಬೇರೆ ದೇಶಗಳಿಗೂ ಹರಡಿದ ಈ ಸ್ಪರ್ಧೆಯಲ್ಲಿ ಸ್ಪರ್ಧಿಯು ಭದ್ರವಾದ ಮೇಜಿನ ಮುಂದೆ ಕುಳಿತು, ಮರಳು ತುಂಬಿದ ಚೀಲಗಳ ಮೇಲೆ ಕೋವಿಯನ್ನಿಟ್ಟು ಗುಂಡು ಹಾರಿಸುತ್ತಾನೆ. ಕೈ ನಡುಗುವ ಪ್ರಶ್ನೆಯೇ ಇಲ್ಲ. ಗುರಿಹಲಗೆಯ ನಡುಬಿಂದುವಿಗೆ ಗುಂಡು ತಗಲಲೇಬೇಕೆಂದೂ ಇಲ್ಲ. ಐದು ಗುಂಡುಗಳು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದವು ಎಂಬುದಷ್ಟೇ ಲೆಕ್ಕ. ಅತಿ ದೂರದ ಎರಡು ರಂಧ್ರಗಳ ಕೇಂದ್ರಗಳ ನಡುವಿನ ಅಂತರವನ್ನು ಅಳೆದು, ಅಂಥ ಐದು ಗುಂಪುಗಳ ಸರಾಸರಿಯನ್ನು ತೆಗೆಯುತ್ತಾರೆ. ಸರಾಸರಿ ಕಡಿಮೆ ಇದ್ದವನೇ ವಿಜೇತ. ದೂರ 100 ಗಜ, ಅಂದರೆ 91.4 ಮೀಟರ್, ಅಥವಾ ಅದರ ಎರಡರಷ್ಟು. ಒಳ್ಳೆಯ ಸ್ಪರ್ಧಿಯ ಸರಾಸರಿ 100 ಗಜದಲ್ಲಿ ಸುಮಾರು 5 ಮಿಲಿಮೀಟರ್. ಗುಂಡಿನ ವ್ಯಾಸವೇ 6 ಮಿ.ಮೀ.ಗಿಂತ ಹೆಚ್ಚು ಎಂಬುದನ್ನು ನೆನೆದರೆ ಈ ಸಾಧನೆಯ ಸೂಕ್ಷ್ಮತೆ ನಿಮಗೆ ಅರಿವಾದೀತು.

ಈ ಕ್ರೀಡೆಗೆ ಹೊಸದಾಗಿ ಬರುವವರ ಮೊದಲ ಪ್ರಶ್ನೆ: ಯಾವ ತೋಟಾ ಆರಿಸಿಕೊಳ್ಳಬೇಕು? ಉತ್ತರ ಸಿದ್ಧವಾಗಿಯೇ ಇದೆ. '6 ಮಿ.ಮೀ. ಪಿಪಿಸಿ. ಏಕೆಂದರೆ ಅದು ಸ್ವಭಾವತಃ ನಿಖರವಾದ ತೋಟಾ. ಗೆದ್ದವರ ಪಟ್ಟಿ ನೋಡಿ, ನಿಮಗೇ ತಿಳಿಯುತ್ತದೆ.' ಈ ಸಲಹೆ ಸರಿಯಾದದ್ದೇ. ಆದರೆ ಅದಕ್ಕೆ ಕೊಡುವ ಕಾರಣ ತಪ್ಪು. ತಪ್ಪು ಕಾರಣದಿಂದ ಸರಿಯಾದ ಉತ್ತರಕ್ಕೆ ಬಂದವನು ಪರಿಸ್ಥಿತಿ ಸ್ವಲ್ಪ ಬದಲಾದರೂ ಎಡವುತ್ತಾನೆ. ಆದ್ದರಿಂದ ಈ ನಂಬಿಕೆಯನ್ನು ಒರೆಗೆ ಹಚ್ಚುವುದು ಅಗತ್ಯ.

ಪಿಪಿಸಿ ಬಂದ ಬಗೆ

1950ರಲ್ಲಿ ರೆಮಿಂಗ್ಟನ್ ಕಂಪನಿ .222 ಎಂಬ ತೋಟಾವನ್ನು ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸಿದ ಎಂಜಿನಿಯರ್ ಮೈಕ್ ವಾಕರ್ ಸ್ವತಃ ಬೆಂಚ್‌ರೆಸ್ಟ್ ಸ್ಪರ್ಧಿ. ಸುಮಾರು ಕಾಲು ಶತಮಾನ ಈ ಕ್ರೀಡೆಯನ್ನು .222 ಆಳಿತು. ಆಗ 'ಸ್ವಭಾವತಃ ನಿಖರ' ಎಂಬ ಬಿರುದು ಅದಕ್ಕಿತ್ತು.

1975ರಲ್ಲಿ ವೈದ್ಯರಾದ ಲೂಯಿಸ್ ಪಾಲ್ಮಿಸಾನೊ ಮತ್ತು ಕೋವಿ ತಯಾರಿಯ ಕುಶಲಿ ಫೆರಿಸ್ ಪಿಂಡೆಲ್ ಸೇರಿ ಹೊಸದೊಂದು ತೋಟಾ ಸಿದ್ಧಪಡಿಸಿದರು. ಅವರ ಹೆಸರುಗಳ ಮೊದಲಕ್ಷರಗಳಿಂದಲೇ 'ಪಿಪಿಸಿ' ಎಂಬ ಹೆಸರು ಬಂದಿತು. ಅವರು ಆಧಾರವಾಗಿ ಬಳಸಿದ್ದು .220 ರಷ್ಯನ್ ಎಂಬ ಹಿತ್ತಾಳೆ ಕೋಶವನ್ನು. ಅದರ ಮೂಲವನ್ನು ಹುಡುಕಿದರೆ ಎ.ಕೆ.-47 ಬಂದೂಕಿನ 7.62×39 ಮಿ.ಮೀ. ತೋಟಾ ಸಿಗುತ್ತದೆ! ಸೂಕ್ಷ್ಮ ಗುರಿಗೆಂದು ಯಾರೂ ಆರಿಸದ ಬಂದೂಕಿನ ತೋಟಾವೇ ಅತಿ ಸೂಕ್ಷ್ಮ ಕ್ರೀಡೆಯ ತೋಟಾಕ್ಕೆ ಪೂರ್ವಜ ಎಂಬುದು ಸ್ವಾರಸ್ಯದ ಸಂಗತಿ.

.222ರ ಕೋಶ ಉದ್ದ ಮತ್ತು ಸಪೂರ: ಉದ್ದ 43 ಮಿ.ಮೀ., ಬುಡದ ಅಗಲ 9.5 ಮಿ.ಮೀ. ಪಿಪಿಸಿ ಗಿಡ್ಡ ಮತ್ತು ದಪ್ಪ: ಉದ್ದ ಸುಮಾರು 38 ಮಿ.ಮೀ., ಬುಡ 11 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಗಿಡ್ಡ ಕೋಶದಲ್ಲಿ ಮದ್ದು ಸಮನಾಗಿ ಉರಿಯುತ್ತದೆ, ಹೀಗಾಗಿ ಗುಂಡಿನ ವೇಗದಲ್ಲಿ ಏರುಪೇರು ಕಡಿಮೆ ಎಂಬುದು ಅಭಿಮಾನಿಗಳ ವಿವರಣೆ. ಇದನ್ನು ಮುಂದೆ ಪರಿಶೀಲಿಸೋಣ.

ಗೆದ್ದವರ ಪಟ್ಟಿಯ ಮೋಸ

ಒಂದು ಹಳ್ಳಿಯಲ್ಲಿ ನೂರು ರೈತರಿದ್ದು, ತೊಂಬತ್ತೈದು ಮಂದಿ ಒಂದೇ ತಳಿಯ ರಾಗಿ ಬಿತ್ತಿದ್ದಾರೆ ಎಂದುಕೊಳ್ಳಿ. ಬೆಳೆ ಸ್ಪರ್ಧೆಯ ಬಹುಮಾನ ಆ ತಳಿಗೇ ಹೋಗುವುದರಲ್ಲಿ ಆಶ್ಚರ್ಯವೇನು? ಅದರಿಂದ ತಳಿಯ ಹಿರಿಮೆ ಸಿದ್ಧವಾಗುವುದಿಲ್ಲ. ಹಳ್ಳಿಯವರ ಆಯ್ಕೆ ಏನೆಂಬುದಷ್ಟೇ ತಿಳಿಯುತ್ತದೆ. ಬೆಂಚ್‌ರೆಸ್ಟ್‌ನ ಗುಂಪು ಸ್ಪರ್ಧೆಗಳ ಸ್ಥಿತಿ ಇದೇ. ಕಣದಲ್ಲಿ ಇರುವವರೆಲ್ಲ ಬಹುಪಾಲು ಪಿಪಿಸಿಯವರೇ ಆದ ಮೇಲೆ ಗೆಲ್ಲುವವರೂ ಸೋಲುವವರೂ ಪಿಪಿಸಿಯವರೇ. ಆದರೆ ಸೋತವರ ಪಟ್ಟಿಯನ್ನು ಯಾರೂ ತೋರಿಸುವುದಿಲ್ಲ.

'1970ರ ದಶಕದಲ್ಲಿ ಪಿಪಿಸಿ ಅಲ್ಪಸಂಖ್ಯೆಯಲ್ಲಿದ್ದಾಗಲೇ ಗೆಲ್ಲತೊಡಗಿತಲ್ಲ?' ಎಂದು ನೀವು ಕೇಳಬಹುದು. ಇದು ತೂಕದ ಪ್ರಶ್ನೆ. ಇಂದಿನ ಪಟ್ಟಿಗಿಂತ ಅಂದಿನ ಗೆಲುವು ಒಳ್ಳೆಯ ಸಾಕ್ಷ್ಯವೆಂಬುದನ್ನು ಒಪ್ಪಲೇಬೇಕು. ಆದರೆ ಹೊಸ ತೋಟಾವನ್ನು ಮೊದಲು ಕೈಗೆತ್ತಿಕೊಂಡವರು ಆ ಕಾಲದ ನುರಿತ ಸ್ಪರ್ಧಿಗಳು. ಅದೇ ಸುಮಾರಿಗೆ ನಾರುಗಾಜಿನ ಹಿಡಿಗಳು, ಸ್ಪರ್ಧೆಗೆಂದೇ ಕಡೆದ ಲೋಹದ ಭಾಗಗಳು, ಉತ್ತಮ ನಳಿಗೆಗಳು ಮತ್ತು ಗುಂಡುಗಳು ಬಳಕೆಗೆ ಬರುತ್ತಿದ್ದವು. ನಾಲ್ಕು ಸಂಗತಿಗಳು ಒಟ್ಟಿಗೆ ಬದಲಾದಾಗ ಶ್ರೇಯಸ್ಸನ್ನೆಲ್ಲ ಒಂದಕ್ಕೇ ಕೊಡುವುದು ವಿಜ್ಞಾನದ ರೀತಿಯಲ್ಲ.

ದಾಖಲೆಗಳು ಹೇಳುವುದೇನು?

1973ರಲ್ಲಿ ಮ್ಯಾಕ್ ಮ್ಯಾಕ್‌ಮಿಲನ್ 100 ಗಜದಲ್ಲಿ ಐದು ಗುಂಡುಗಳನ್ನು 0.009 ಅಂಗುಲದ, ಅಂದರೆ 0.23 ಮಿ.ಮೀ.ನ ಗುಂಪಿನಲ್ಲಿ ಕೂಡಿಸಿದರು. ಆಗ ಪಿಪಿಸಿ ಇನ್ನೂ ಹುಟ್ಟಿರಲಿಲ್ಲ! ಈ ದಾಖಲೆ ನಲವತ್ತು ವರ್ಷ ಉಳಿಯಿತು. 2013ರಲ್ಲಿ ಮೈಕ್ ಸ್ಟಿನೆಟ್ 0.0077 ಅಂಗುಲದ ಗುಂಪಿನಿಂದ ಅದನ್ನು ಮುರಿದರು. ಅವರು ಬಳಸಿದ್ದು 6 ಮಿ.ಮೀ. ಗುಂಡನ್ನಲ್ಲ, .30 ಅಂಗುಲದ ದಪ್ಪ ಗುಂಡನ್ನು. ಅಂದರೆ 'ಅತಿ ನಿಖರ' ತೋಟಾ ಮೆರೆದ ನಾಲ್ಕು ದಶಕಗಳ ಅತಿ ಚಿಕ್ಕ ಗುಂಪಿನ ಗೌರವ ಮೊದಲು ಅದಕ್ಕಿಂತ ಹಳೆಯದಕ್ಕೂ, ಬಳಿಕ ಬೇರೊಂದಕ್ಕೂ ಸಂದಿತು.

ಹಾಗೆಂದು .30 ಗುಂಡೇ ಶ್ರೇಷ್ಠ ಎಂದು ತೀರ್ಮಾನಿಸಿದರೆ ಅದೂ ಅದೇ ತಪ್ಪು. ದಶಕಗಳ ಕಾಲ ಅಸಂಖ್ಯ ಗುಂಪುಗಳನ್ನು ಹಾರಿಸಿದಾಗ ಅವುಗಳಲ್ಲಿ ಅತಿ ಚಿಕ್ಕದು ಯಾವುದೋ ಒಂದು ಇರಲೇಬೇಕು. ಅದರಲ್ಲಿ ಕೌಶಲದ ಜೊತೆ ಅದೃಷ್ಟದ ಪಾಲೂ ದೊಡ್ಡದು.

ಊದುಬತ್ತಿಯ ಹೊಗೆ ಮತ್ತು ಗುಂಡು

ಈಗ ಸ್ವಲ್ಪ ಲೆಕ್ಕ. ಪಿಪಿಸಿಯ ಗುಂಡು ಸುಮಾರು 4.4 ಗ್ರಾಂ ತೂಗುತ್ತದೆ. ಸೆಕೆಂಡಿಗೆ ಸುಮಾರು 1000 ಮೀಟರ್ ವೇಗದಲ್ಲಿ ಹೊರಡುತ್ತದೆ. ಗಾಳಿಯ ತಡೆ ಇಲ್ಲದಿದ್ದರೆ 91.4 ಮೀಟರ್ ದಾಟಲು 0.091 ಸೆಕೆಂಡು ಸಾಕು. ತಡೆ ಇರುವುದರಿಂದ ಸುಮಾರು 0.096 ಸೆಕೆಂಡು ಬೇಕು. ಈ ಎರಡರ ವ್ಯತ್ಯಾಸ, ಅಂದರೆ ವಿಳಂಬ, ಹೆಚ್ಚುಕಡಿಮೆ ಸೆಕೆಂಡಿನ ಸಾವಿರದ ಐದು ಭಾಗ. ಅಡ್ಡಗಾಳಿಯ ವೇಗವನ್ನು ಈ ವಿಳಂಬದಿಂದ ಗುಣಿಸಿದರೆ ಗುಂಡು ಪಕ್ಕಕ್ಕೆ ಸರಿಯುವ ದೂರ ಸಿಗುತ್ತದೆ. ಸೆಕೆಂಡಿಗೆ 1 ಮೀಟರ್ ಗಾಳಿಗೆ ಅದು ಸುಮಾರು 5 ಮಿ.ಮೀ.!

ಸೆಕೆಂಡಿಗೆ 1 ಮೀಟರ್ ಎಂದರೆ ಎಂಥ ಗಾಳಿ? ಊದುಬತ್ತಿಯ ಹೊಗೆ ಒಂದು ಕಡೆಗೆ ವಾಲುತ್ತದೆ, ಆದರೆ ಮುಖಕ್ಕೆ ತಗಲಿದ್ದೇ ಗೊತ್ತಾಗುವುದಿಲ್ಲ, ಅಷ್ಟು ಮೆಲುವಾದದ್ದು. ಎರಡು ಗುಂಡುಗಳ ನಡುವೆ ಅಂಥ ಗಾಳಿ ಎದ್ದರೆ ಅಥವಾ ಅಡಗಿದರೆ, ಒಳ್ಳೆಯ ಸ್ಪರ್ಧಿಯ ಇಡೀ ಗುಂಪಿನಷ್ಟು ದೂರ ಗುಂಡು ಸರಿದುಬಿಡುತ್ತದೆ.

ಇನ್ನು 'ಸಮನಾಗಿ ಉರಿಯುವ ಮದ್ದಿನ' ವಾದ. ಗುಂಡು ಗುರಿ ಮುಟ್ಟುವಷ್ಟರಲ್ಲಿ ಗುರುತ್ವದಿಂದ ಸುಮಾರು 45 ಮಿ.ಮೀ. ಕೆಳಗಿಳಿದಿರುತ್ತದೆ. ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ಏರುಪೇರಾದರೆ, ಅಂದರೆ ನೂರಕ್ಕೆ ಒಂದರಷ್ಟು ಬದಲಾದರೆ, ಇಳಿತ ನೂರಕ್ಕೆ ಎರಡರಷ್ಟು ಬದಲಾಗುತ್ತದೆ. ಅದು 1 ಮಿ.ಮೀ.ಗಿಂತ ಕಡಿಮೆ. ನಳಿಗೆಯ ಕಂಪನದಿಂದ ಈ ಪರಿಣಾಮ ಸ್ವಲ್ಪ ಹೆಚ್ಚಬಹುದು ಇಲ್ಲವೇ ತಗ್ಗಬಹುದು. ಆದರೂ ಹೋಲಿಕೆ ಸ್ಪಷ್ಟ: ಕೋಶದ ಆಕಾರದ ಬಗ್ಗೆ ನಡೆಯುವ ಚರ್ಚೆಯೆಲ್ಲ ಒಂದು ಮಿಲಿಮೀಟರಿನ ಸುತ್ತ, ಊದುಬತ್ತಿಯ ಹೊಗೆ ವಾಲಿಸುವ ಗಾಳಿಯದು ಐದು ಮಿಲಿಮೀಟರ್.

ಎಷ್ಟು ಗುಂಡು ಹಾರಿಸಿದರೆ ಸಾಕು?

'ನಾನೇ ಎರಡು ತೋಟಾಗಳನ್ನು ಹೋಲಿಸಿ ನೋಡಿದ್ದೇನೆ' ಎನ್ನುವವರಿದ್ದಾರೆ. ಸಾಮಾನ್ಯವಾಗಿ ಅವರು ಒಂದೊಂದರಲ್ಲಿ ನಾಲ್ಕೈದು ಗುಂಪು ಹಾರಿಸಿರುತ್ತಾರೆ. ಇದು ಸಾಲದು. ಗುಂಡುಗಳ ಚದುರುವಿಕೆ ಯಾದೃಚ್ಛಿಕವಾಗಿದ್ದರೆ, ಐದು ಗುಂಡುಗಳ ಗುಂಪಿನ ಗಾತ್ರ ತನ್ನ ಸರಾಸರಿಯಿಂದ ಸುಮಾರು ಶೇ. 27ರಷ್ಟು ಆಚೀಚೆ ಆಗುವುದು ಸಹಜವೆಂದು ಸಂಖ್ಯಾಶಾಸ್ತ್ರ ತಿಳಿಸುತ್ತದೆ. ಒಂದೇ ಕೋವಿ, ಒಂದೇ ತೋಟಾ, ಒಬ್ಬನೇ ಸ್ಪರ್ಧಿ. ಆದರೂ ಒಂದು ಗುಂಪು 4 ಮಿ.ಮೀ., ಮತ್ತೊಂದು 6 ಮಿ.ಮೀ. ಇದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಐದು ಗುಂಪುಗಳ ಸರಾಸರಿ ತೆಗೆದರೂ ಶೇ. 12ರಷ್ಟು ಅನಿಶ್ಚಿತತೆ ಉಳಿಯುತ್ತದೆ.

ಎರಡು ತೋಟಾಗಳ ನಡುವೆ ಶೇ. 10ರಷ್ಟು ನಿಜವಾದ ವ್ಯತ್ಯಾಸವಿದೆ ಎಂದುಕೊಳ್ಳಿ. ಅದನ್ನು ನಂಬಿಕೆಯಿಂದ ಹೇಳಬೇಕಾದರೆ ಒಂದೊಂದರಲ್ಲೂ ನೂರಕ್ಕೂ ಹೆಚ್ಚು ಗುಂಪು, ಅಂದರೆ ಐನೂರಕ್ಕೂ ಹೆಚ್ಚು ಗುಂಡು ಹಾರಿಸಬೇಕು. ಸ್ಪರ್ಧೆಯ ಮಟ್ಟದಲ್ಲಿ ಒಂದು ನಳಿಗೆಯ ಆಯುಷ್ಯ ಸಾವಿರದಿಂದ ಒಂದೂವರೆ ಸಾವಿರ ಗುಂಡುಗಳ ಆಸುಪಾಸು. ಪರೀಕ್ಷೆ ಮುಗಿಯುವಷ್ಟರಲ್ಲಿ ನಳಿಗೆ ಅರ್ಧ ಸವೆದಿರುತ್ತದೆ! ಅಷ್ಟರ ಮೇಲೆ, ಎರಡು ತೋಟಾಗಳಿಗೆ ಎರಡು ನಳಿಗೆಗಳು ಬೇಕು; ನಳಿಗೆ ನಳಿಗೆಗೂ ವ್ಯತ್ಯಾಸವುಂಟು. ವ್ಯತ್ಯಾಸ ತೋಟಾದ್ದೋ ನಳಿಗೆಯದ್ದೋ ಹೇಗೆ ಹೇಳುವಿರಿ?

ಹಾಗಾದರೆ ಪಿಪಿಸಿ ಗೆದ್ದದ್ದೇಕೆ?

ತೋಟಾದೊಳಗೆ ನಿಖರತೆ ಎಂಬ ಗುಣ ಅಡಗಿ ಕುಳಿತಿಲ್ಲ. ಸ್ಪರ್ಧೆಯ ನಿಯಮಗಳಿಗೆ ಅದು ಚೆನ್ನಾಗಿ ಹೊಂದಿಕೊಂಡಿದೆ, ಅಷ್ಟೆ. ಈ ಕ್ರೀಡೆಯ ಒಂದು ಮುಖ್ಯ ವರ್ಗದಲ್ಲಿ ಕೋವಿಯ ತೂಕ 10.5 ಪೌಂಡ್, ಅಂದರೆ 4.76 ಕಿ.ಗ್ರಾಂ. ಮೀರುವಂತಿಲ್ಲ. ಐದು ಗುಂಡು ಮುಗಿಸಲು ಏಳು ನಿಮಿಷ. ಆದರೆ ನುರಿತವರು ಗಾಳಿ ಒಂದೇ ಸಮ ಇರುವ ಹೊತ್ತು ನೋಡಿ ಐದನ್ನೂ ಬೇಗಬೇಗನೆ ಹಾರಿಸಲು ಬಯಸುತ್ತಾರೆ. ಕೋವಿ ಹಿಂದಕ್ಕೆ ಒದ್ದು ಜಾಗ ತಪ್ಪಿದರೆ ಇದು ಆಗದು.

.308 ತೋಟಾದ ಹನ್ನೊಂದು ಗ್ರಾಂ ಗುಂಡು ಅಷ್ಟೇ ತೂಕದ ಕೋವಿಯನ್ನು ಸೆಕೆಂಡಿಗೆ ಸುಮಾರು 2.5 ಮೀಟರ್ ವೇಗದಲ್ಲಿ ಹಿಂದಕ್ಕೆ ತಳ್ಳುತ್ತದೆ. ಪಿಪಿಸಿಯಲ್ಲಿ ಅದು 1.4 ಮೀಟರ್. ಒದೆತದ ಶಕ್ತಿ ಲೆಕ್ಕ ಹಾಕಿದರೆ ಸುಮಾರು 15 ಜೂಲ್ ಎದುರು 5 ಜೂಲ್. ಒದೆತ ಕಡಿಮೆ ಇರುವುದೇ ಮುಖ್ಯವೆಂದರೆ .222 ಇನ್ನೂ ಮೆದು. ಆದರೆ ಅದರ ಹಗುರ ಗುಂಡನ್ನು 1 ಮೀಟರ್ ಗಾಳಿ 6 ಮಿ.ಮೀ. ತಳ್ಳುತ್ತದೆ. ಒಂದು ಕಡೆ ಗಾಳಿ, ಇನ್ನೊಂದು ಕಡೆ ಒದೆತ. ಎರಡರ ನಡುವಿನ ರಾಜಿಯೇ ಪಿಪಿಸಿ. ಇದಕ್ಕೆ ಸೇರಿದ್ದು ಪೂರೈಕೆಯ ಅನುಕೂಲ. ಎಲ್ಲರೂ ಅದನ್ನೇ ಬಳಸುವುದರಿಂದ ಉತ್ತಮ ಹಿತ್ತಾಳೆ ಕೋಶ, ಉತ್ತಮ ಗುಂಡು, ಪರೀಕ್ಷಿತ ಮದ್ದು, ಅದರ ಮರ್ಮ ಬಲ್ಲ ಕುಶಲಿಗಳು ಎಲ್ಲವೂ ಸಿಗುತ್ತವೆ.

ನಿಯಮ ಬದಲಾದರೆ ಆಯ್ಕೆಯೂ ಬದಲಾಗುತ್ತದೆ ಎಂಬುದೇ ಇದಕ್ಕೆ ಪುರಾವೆ. ಬೆಂಚ್‌ರೆಸ್ಟ್‌ನಲ್ಲೇ 'ಅಂಕ'ದ ಸ್ಪರ್ಧೆ ಎಂಬುದುಂಟು. ಅಲ್ಲಿ ರಂಧ್ರದ ಅಂಚು ವೃತ್ತಕ್ಕೆ ತಾಕಿದರೂ ಅಂಕ ದೊರೆಯುತ್ತದೆ. ದಪ್ಪ ಗುಂಡಿನ ಅಂಚು 6 ಮಿ.ಮೀ. ಗುಂಡಿಗಿಂತ 0.8 ಮಿ.ಮೀ. ಹೆಚ್ಚು ದೂರ ಚಾಚುತ್ತದೆ. ಅಲ್ಲಿ ಮೆರೆದದ್ದು '30 ಬಿಆರ್' ಎಂಬ ತೋಟಾ. ಇನ್ನು 1000 ಗಜದ ಸ್ಪರ್ಧೆ ನೋಡಿ. 100 ಗಜದಲ್ಲಿ 1 ಮಿ.ಮೀ.ಗೂ ಕಡಿಮೆಯಿದ್ದ ವೇಗದ ಏರುಪೇರಿನ ಪರಿಣಾಮ ಅಲ್ಲಿ ಸುಮಾರು ಒಂದು ಗೇಣಿನಷ್ಟಾಗುತ್ತದೆ. ಮದ್ದು ಸಮನಾಗಿ ಉರಿಯಬೇಕೆಂಬ ವಾದಕ್ಕೆ ನಿಜವಾದ ಬೆಲೆ ಬರುವುದು ಅಲ್ಲಿ. ಅಲ್ಲಿನವರು ಉದ್ದನೆಯ, ಭಾರದ ಗುಂಡುಗಳನ್ನೂ ಬೇರೆ ಕೋಶಗಳನ್ನೂ ಬಳಸುತ್ತಾರೆ. 'ಸ್ವಭಾವತಃ ನಿಖರ'ವಾದದ್ದು ದೂರ ಬದಲಾದೊಡನೆ ತನ್ನ ಸ್ವಭಾವ ಬಿಟ್ಟಿತೇ? ಇಲ್ಲ. ಆ ಸ್ವಭಾವ ತೋಟಾದ್ದಾಗಿರಲೇ ಇಲ್ಲ, ಪ್ರಶ್ನೆಯದ್ದಾಗಿತ್ತು.

ಆದ್ದರಿಂದ 100 ಅಥವಾ 200 ಗಜದ ಗುಂಪು ಸ್ಪರ್ಧೆಗೆ ಇಳಿಯುವವರು ಪಿಪಿಸಿಯನ್ನೇ ಆರಿಸಲಿ. ಆ ವಿಷಯದಲ್ಲಿ ಹಿರಿಯರ ಸಲಹೆಗೆ ನನ್ನ ತಕರಾರಿಲ್ಲ. ಆದರೆ ಆರಿಸಿದ ಮೇಲೆ ತೋಟಾದ ಚಿಂತೆ ಬಿಟ್ಟು, ಉಳಿದ ಹಣವನ್ನೂ ಸಮಯವನ್ನೂ ಒಳ್ಳೆಯ ನಳಿಗೆಗೆ, ಒಳ್ಳೆಯ ಗುಂಡಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ ತೋರಿಸುವ ಬಾವುಟಗಳಿಗೆ ಮತ್ತು ಅವನ್ನು ಓದುವ ಅಭ್ಯಾಸಕ್ಕೆ ವಿನಿಯೋಗಿಸಲಿ.

ನಮ್ಮಲ್ಲಿ ಬಹುಮಂದಿ ಓದುಗರು ಇಂಥ ಕೋವಿಯನ್ನು ಕೈಯಲ್ಲಿ ಹಿಡಿಯುವ ಪ್ರಸಂಗವೇ ಬರಲಾರದು. ಆದರೆ 'ಗೆದ್ದವರೆಲ್ಲ ಇದನ್ನೇ ಬಳಸಿದರು' ಎಂಬ ಮಾತು ಬಿತ್ತನೆಬೀಜದ ಅಂಗಡಿಯಲ್ಲೂ, ಔಷಧದ ಜಾಹೀರಾತಿನಲ್ಲೂ, ಪರೀಕ್ಷೆಗೆ ತಯಾರು ಮಾಡುವ ತರಗತಿಗಳ ಫಲಕದಲ್ಲೂ ನಿಮಗೆ ಎದುರಾಗುತ್ತದೆ. ಆಗ ಎರಡು ಪ್ರಶ್ನೆ ಕೇಳಿ. ಸೋತವರು ಏನನ್ನು ಬಳಸಿದ್ದರು? ಎಷ್ಟು ಸಲ ಎಣಿಸಿ ನೋಡಿದ್ದೀರಿ? ಇವೆರಡಕ್ಕೆ ಉತ್ತರ ಸಿಗುವವರೆಗೆ ತೀರ್ಮಾನವನ್ನು ಕಾಯ್ದಿರಿಸುವುದು ಲೇಸು.