ಹೆಸರು ಕೇಳದೆ ಕೆಲಸ ಮಾಡಿಕೊಡುವ ತಾಣಗಳು

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರಿಗೆ ಅಂತರ್ಜಾಲ ಸ್ವರ್ಗ. ಆದರೆ ಆ ಸ್ವರ್ಗದ ಬಾಗಿಲಲ್ಲೇ ತಪಾಸಣೆ ನಡೆಯುತ್ತದೆ. 'ಸಂಪೂರ್ಣ ಉಚಿತ' ಎಂದು ದಪ್ಪಕ್ಷರದಲ್ಲಿ ಬರೆದುಕೊಂಡ ತಾಣ ಮೊದಲು ಇಮೇಲ್ ಕೇಳುತ್ತದೆ, ಆಮೇಲೆ ಮೊಬೈಲ್ ನಂಬರು, ಅದರ ಬೆನ್ನಿಗೇ ಒಟಿಪಿ. ಎಲ್ಲ ಕೊಟ್ಟು ಒಳಗೆ ಹೋಗಿ, ಅರ್ಧ ಗಂಟೆ ಕೂತು ಕೆಲಸ ಮುಗಿಸಿ, ಡೌನ್‌ಲೋಡ್ ಗುಂಡಿ ಒತ್ತಿದರೆ 'ತಿಂಗಳಿಗೆ ಇಷ್ಟು ರೂಪಾಯಿ' ಎನ್ನುತ್ತದೆ. ಹೋಟೆಲಿನವನು ಇಡ್ಲಿ ತಟ್ಟೆ ಮುಂದಿಟ್ಟು ಚಮಚಕ್ಕೆ ಬಾಡಿಗೆ ಕೇಳಿದ ಹಾಗೆ.

ಹೊಸ ತಾಣಗಳನ್ನು ಹುಡುಕಿ ರುಚಿ ನೋಡುವ ಚಟ ಇರುವವರಿಗೆ ಒಂದು ನಿಯಮ ಬೇಕಾಗುತ್ತದೆ. ನನ್ನದು ಸರಳ: ತಾನೇನು ಮಾಡಬಲ್ಲೆ ಎಂದು ತೋರಿಸುವ ಮೊದಲೇ ನಾನು ಯಾರೆಂದು ಕೇಳುವ ತಾಣದಿಂದ ಎದ್ದು ಬರುವುದು. ಹೀಗೆ ಸೋಸಿದರೆ ಉಳಿಯುವುದು ಕೆಲವೇ ತಾಣಗಳು. ಆದರೆ ಉಳಿದವುಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇರುತ್ತವೆ. ಅದಕ್ಕೆ ಕಾರಣವೂ ಇದೆ.

ಮೊದಲು ಸ್ಕ್ವೂಷ್ ನೋಡಿ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಗೆ ಅರ್ಜಿ ಹಾಕಿದವರಿಗೆಲ್ಲ ಗೊತ್ತು, ಫೋಟೊ 20ರಿಂದ 50 ಕೆಬಿ ಒಳಗಿರಬೇಕು, ಸಹಿ 10ರಿಂದ 20 ಕೆಬಿ. ನಮ್ಮ ಮೊಬೈಲ್ ತೆಗೆಯುವ ಫೋಟೊ ಮೂರು-ನಾಲ್ಕು ಎಂಬಿ. ಇದನ್ನು ಇಳಿಸಲು ಸೈಬರ್ ಸೆಂಟರಿಗೆ ಹೋಗಿ, ಅಲ್ಲಿನ ಕಂಪ್ಯೂಟರಿನಲ್ಲಿ ನಮ್ಮ ಸಹಿಯನ್ನೂ ಬಿಟ್ಟು ಬರುವುದು ರೂಢಿ. ಸ್ಕ್ವೂಷ್ ಗೂಗಲ್‌ನ ಕ್ರೋಮ್ ತಂಡದವರು 2018ರಲ್ಲಿ ಹೊರಬಿಟ್ಟ ತಾಣ. ಚಿತ್ರವನ್ನು ಅದರ ಮೇಲೆ ಎಳೆದುಹಾಕಿದರೆ ನಡುವೆ ಒಂದು ಗೆರೆ ಬರುತ್ತದೆ. ಗೆರೆಯ ಒಂದು ಕಡೆ ಮೂಲ ಚಿತ್ರ, ಇನ್ನೊಂದು ಕಡೆ ಕುಗ್ಗಿಸಿದ ಚಿತ್ರ. ಗೆರೆಯನ್ನು ಅತ್ತಿತ್ತ ಸರಿಸುತ್ತ ಎಲ್ಲಿ ಮುಖ ಮಸುಕಾಯಿತು, ಎಲ್ಲಿ ಕೂದಲಿನ ಅಂಚು ಒಡೆಯಿತು ಎಂದು ಕಣ್ಣಾರೆ ನೋಡಬಹುದು. ಹೊಸ ಗಾತ್ರ ಎಷ್ಟು ಕೆಬಿ ಎಂಬುದೂ ಪಕ್ಕದಲ್ಲೇ ಕಾಣುತ್ತದೆ. ಹೆಚ್ಚಿನವರು ಗುಣಮಟ್ಟದ ಗುಂಡಿಯನ್ನೇ ಕೆಳಗಿಳಿಸುತ್ತ ಹೋಗಿ ಮುಖವನ್ನು ಕೆಡಿಸಿಕೊಳ್ಳುತ್ತಾರೆ. ಮೊದಲು ಉದ್ದ-ಅಗಲ ಕಡಿಮೆ ಮಾಡಿ. ಐಬಿಪಿಎಸ್ ಕೇಳುವುದೇ 200x230 ಪಿಕ್ಸೆಲ್. ಅಷ್ಟು ಮಾಡಿದರೆ ಗುಣಮಟ್ಟಕ್ಕೆ ಕೈ ಹಾಕುವ ಅಗತ್ಯವೇ ಹೆಚ್ಚು ಬೀಳುವುದಿಲ್ಲ.

ಸ್ಕ್ವೂಷ್ ನಮ್ಮ ಹೆಸರು ಕೇಳದಿರುವುದಕ್ಕೆ ಸೌಜನ್ಯವೊಂದೇ ಕಾರಣವಲ್ಲ. ನಮ್ಮ ಚಿತ್ರ ಅವರ ಬಳಿಗೆ ಹೋಗುವುದೇ ಇಲ್ಲ! 2017ರ ಹೊತ್ತಿಗೆ ಎಲ್ಲ ಮುಖ್ಯ ಬ್ರೌಸರ್‌ಗಳಿಗೂ ವೆಬ್‌ಅಸೆಂಬ್ಲಿ ಎಂಬ ತಂತ್ರ ಬಂತು. ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿಕೊಂಡೇ ಓಡಿಸಬೇಕಿದ್ದ ಭಾರಿ ಪ್ರೋಗ್ರಾಮುಗಳನ್ನು ಬ್ರೌಸರಿನೊಳಗೇ, ಹೆಚ್ಚುಕಡಿಮೆ ಅದೇ ವೇಗದಲ್ಲಿ ಓಡಿಸಲು ಅದರಿಂದ ಸಾಧ್ಯವಾಯಿತು. ತಾಣ ಕಳಿಸಿಕೊಡುವುದು ಉಪಕರಣವನ್ನು ಮಾತ್ರ. ದುಡಿಯುವುದು ನಮ್ಮದೇ ಮೊಬೈಲಿನ ಚಿಪ್, ಖರ್ಚಾಗುವುದು ನಮ್ಮದೇ ಬ್ಯಾಟರಿ. ಸಾವಿರ ಜನ ಬಳಸಿದರೂ ತಾಣದವರ ಖರ್ಚು ಅಷ್ಟೇನೂ ಏರುವುದಿಲ್ಲ. ಖರ್ಚಿಲ್ಲದ ಕಡೆ ವಸೂಲಿಯ ಒತ್ತಡವೂ ಇರುವುದಿಲ್ಲ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ತಾಣ ಪೂರ್ತಿ ತೆರೆದುಕೊಂಡ ಮೇಲೆ ವೈಫೈ, ಮೊಬೈಲ್ ಡೇಟಾ ಎರಡನ್ನೂ ಆಫ್ ಮಾಡಿ. ಆಮೇಲೆ ಫೈಲ್ ಹಾಕಿ. ಆಗಲೂ ಕೆಲಸ ನಡೆದರೆ ನಡೆಯುತ್ತಿರುವುದು ನಿಮ್ಮ ಯಂತ್ರದಲ್ಲೇ. ಸ್ಕ್ವೂಷ್ ಇದರಲ್ಲಿ ಪಾಸು. 'ಪಿಡಿಎಫ್ ಜೋಡಿಸಿ, ಕುಗ್ಗಿಸಿ, ಬದಲಿಸಿ' ಎನ್ನುವ ತಾಣಗಳಲ್ಲಿ ಬಹಳಷ್ಟು ಅಲ್ಲೇ ನಿಂತುಬಿಡುತ್ತವೆ, ಏಕೆಂದರೆ ಅವು ಫೈಲನ್ನು ತಮ್ಮ ಕಂಪ್ಯೂಟರಿಗೆ ಒಯ್ದು ಕೆಲಸ ಮಾಡುವಂಥವು. ಸಿನಿಮಾ ಪೋಸ್ಟರನ್ನು ಹೀಗೆ ಕಳಿಸಿದರೆ ಚಿಂತೆಯಿಲ್ಲ. ಆಧಾರ್, ಪಹಣಿ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಕಳಿಸುವ ಮುನ್ನ ಮಾತ್ರ ಈ ಪರೀಕ್ಷೆ ಮಾಡಿಯೇ ಮುಂದುವರಿಯಿರಿ. ಆಧಾರ್ ಕೊಡಲೇಬೇಕಾದ ಕಡೆಗೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಅನ್ನು ಯುಐಡಿಎಐ ತಾಣವೇ ಪುಕ್ಕಟೆಯಾಗಿ ಕೊಡುತ್ತದೆ. ಎಷ್ಟೋ ಕಡೆ ಅದು ಸಾಕು.

ಈ ಪರೀಕ್ಷೆಯಲ್ಲಿ ಪಾಸಾಗುವ ಇನ್ನೊಂದು, ಇನ್ನೂ ದೊಡ್ಡ ಅಚ್ಚರಿ ಫೋಟೊಪಿಯಾ. ಫೋಟೊಶಾಪ್ ಬಲ್ಲವರು ಇದನ್ನು ತೆರೆದ ಕೂಡಲೇ ನಗುತ್ತಾರೆ. ಮೆನು, ಪದರ, ಶಾರ್ಟ್‌ಕಟ್ ಎಲ್ಲ ಅದರಂತೆಯೇ. ಉಕ್ರೇನಿನಲ್ಲಿ ಹುಟ್ಟಿ ಪ್ರಾಗ್‌ನಲ್ಲಿ ಓದಿದ ಇವಾನ್ ಕುತ್ಸ್ಕಿರ್ ಎಂಬ ಯುವಕ ವಿದ್ಯಾರ್ಥಿಯಾಗಿದ್ದಾಗಲೇ ಶುರುಮಾಡಿ 2013ರಲ್ಲಿ ಹೊರತಂದದ್ದು, ಬಹುತೇಕ ಒಬ್ಬನೇ ಬೆಳೆಸಿದ್ದು. ಫೋಟೊಶಾಪಿನ ಪಿಎಸ್‌ಡಿ ಫೈಲುಗಳನ್ನು ಇದು ಪದರ ಪದರವಾಗಿಯೇ ಬಿಚ್ಚಿಕೊಡುತ್ತದೆ. ಮದುವೆ ಕರೆಯೋಲೆಯಲ್ಲೋ ಊರ ಹಬ್ಬದ ಫ್ಲೆಕ್ಸಿನಲ್ಲೋ ಒಂದು ದಿನಾಂಕ ಬದಲಿಸಬೇಕಾಗಿದೆ, ಡಿಸೈನ್ ಮಾಡಿದವರು ಫೋನ್ ಎತ್ತುತ್ತಿಲ್ಲ; ಇದು ಬೇಕಾಗುವುದು ಅಂಥ ಹೊತ್ತಿಗೆ. ಹಳೆಯ ವಿನ್ಯಾಸಗಳಲ್ಲಿ ನುಡಿಯಂಥ ಫಾಂಟ್ ಇದ್ದು ಅಕ್ಷರ ಚೆಲ್ಲಾಪಿಲ್ಲಿಯಾಗಿ ಕಂಡರೆ, ಆ ಫಾಂಟಿನ ಫೈಲನ್ನು ಅದೇ ಪುಟದ ಮೇಲೆ ಎಳೆದುಹಾಕಿ. ಪಕ್ಕದಲ್ಲಿ ಜಾಹೀರಾತು ಕಾಣುತ್ತಿರುತ್ತದೆ; ಅನ್ನ ಬರುವುದು ಅಲ್ಲಿಂದ. ಲೆಕ್ಕ ಕಣ್ಣೆದುರೇ ಇರುವ ಇಂಥ ವ್ಯವಹಾರದ ಬಗ್ಗೆ ನನಗೆ ತಕರಾರಿಲ್ಲ.

ಎಲ್ಲವನ್ನೂ ನಮ್ಮ ಮೊಬೈಲಿನೊಳಗೇ ಮಾಡಲಾಗದು ನಿಜ. ಹವಾಮಾನವನ್ನೇ ತೆಗೆದುಕೊಳ್ಳಿ. ಮಲೆನಾಡು, ಕರಾವಳಿಯ ಅಡಕೆ ಬೆಳೆಗಾರರಿಗೆ ಮಳೆಗಾಲದಲ್ಲಿ ಬೇಕಾದದ್ದು ಒಂದೇ, ಕೊಳೆರೋಗಕ್ಕೆ ತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡುವ ಹೊತ್ತು. ಟಿವಿಯಲ್ಲಿ 'ರಾಜ್ಯದ ಹಲವೆಡೆ ಮಳೆ' ಎಂದರೆ ಅವರಿಗೇನು ಉಪಯೋಗ? ವಿಂಡಿ ಎಂಬ ತಾಣ ಆ ಕೆಲಸಕ್ಕೆ ಒಳ್ಳೆಯದು. ಜೆಕ್ ದೇಶದ ಉದ್ಯಮಿ ಇವೋ ಲುಕಾಚೊವಿಚ್ 2014ರಲ್ಲಿ ಇದನ್ನು ಶುರುಮಾಡಿದರು. ಗಾಳಿಪಟ ಕಟ್ಟಿಕೊಂಡು ಅಲೆಗಳ ಮೇಲೆ ಜಾರುವ ಆಟದ ಹುಚ್ಚು ಅವರಿಗೆ. ಗಾಳಿ ಯಾವಾಗ ಎತ್ತ ಬೀಸುತ್ತದೆ ಎಂದು ತಿಳಿಯಬೇಕಿತ್ತು. ಜೂನ್‌ನಲ್ಲಿ ಅರಬ್ಬಿ ಸಮುದ್ರದ ಕಡೆ ವಿಂಡಿಯ ನಕ್ಷೆ ತಿರುಗಿಸಿದರೆ ಮುಂಗಾರು ಗಾಳಿ ಎಳೆಎಳೆಯಾಗಿ ಘಟ್ಟಕ್ಕೆ ಬಂದು ಬಡಿಯುವುದನ್ನು ನೋಡುತ್ತ ಕೂರಬಹುದು.

ನೋಡಿ ಸಂತೋಷಪಟ್ಟು ಎದ್ದರೆ ಅರ್ಧವೇ ಲಾಭ. ವಿಂಡಿ ತಾನೇ ಭವಿಷ್ಯ ಹೇಳುವುದಿಲ್ಲ. ಯುರೋಪಿನ ಇಸಿಎಂಡಬ್ಲ್ಯುಎಫ್, ಅಮೆರಿಕದ ಜಿಎಫ್‌ಎಸ್ ಎಂಬ ಬೇರೆಬೇರೆ ಲೆಕ್ಕಾಚಾರಗಳನ್ನು ತಂದು ತೋರಿಸುತ್ತದೆ. ನಿಮ್ಮ ಊರಿನ ಮೇಲೆ ಬೆರಳಿಟ್ಟು ಎರಡನ್ನೂ ಹೋಲಿಸಿ. ನಾಳೆ ಮಧ್ಯಾಹ್ನ ಬಿಡುವಿದೆ ಎಂದು ಎರಡೂ ಹೇಳಿದರೆ ಆಳುಗಳಿಗೆ ಹೇಳಿಕಳಿಸಬಹುದು. ಒಂದು ಬಿಸಿಲು, ಇನ್ನೊಂದು ಮಳೆ ಎಂದರೆ ಲೆಕ್ಕ ಮಾಡುವವರಿಗೇ ಖಚಿತವಿಲ್ಲ ಎಂದರ್ಥ. ತುತ್ತ-ಸುಣ್ಣ ಕಲಸದಿರುವುದು ಲೇಸು. ಹಣ ಕೊಟ್ಟವರಿಗೆ ಇನ್ನಷ್ಟು ಸೂಕ್ಷ್ಮ ವಿವರ ಸಿಗುತ್ತದೆ. ತೋಟಕ್ಕೆ ಬೇಕಾದಷ್ಟು ಲಾಗಿನ್ ಇಲ್ಲದೆಯೇ ಸಿಗುತ್ತದೆ.

ಕೊಂಕಣಿ, ತುಳು, ಸಂಕೇತಿ ಮಾತಾಡುವ ಮನೆಗಳಿಗೆ ಹೇಳಿಮಾಡಿಸಿದ ತಾಣ ಅಕ್ಷರಮುಖ. ವಿನೋದ್ ರಾಜನ್ ಕಟ್ಟಿದ ಇದು ನೂರಕ್ಕೂ ಹೆಚ್ಚು ಲಿಪಿಗಳ ನಡುವೆ ಬರಹವನ್ನು ದಾಟಿಸುತ್ತದೆ. ಅನುವಾದ ಮಾಡುವುದಿಲ್ಲ, ಧ್ವನಿಯನ್ನು ಮಾತ್ರ ಒಂದು ಲಿಪಿಯಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಮಂಗಳೂರಿನ ಅಜ್ಜಿ ಕನ್ನಡ ಅಕ್ಷರದಲ್ಲಿ ಬರೆದಿಟ್ಟ ಕೊಂಕಣಿ ಹಾಡನ್ನು ಮುಂಬೈಯ ಮೊಮ್ಮಗಳು ನಾಗರಿಯಲ್ಲಿ ಓದಬೇಕೆಂದರೆ ಅಂಟಿಸಿ ಗುಂಡಿ ಒತ್ತಿದರಾಯಿತು. ಮೋಡಿ, ನಂದಿನಾಗರಿ, ಗ್ರಂಥ, ಬ್ರಾಹ್ಮಿಯೂ ಇವೆ. ಮಕ್ಕಳು ತಮ್ಮ ಹೆಸರನ್ನು ಅಶೋಕನ ಕಾಲದ ಅಕ್ಷರದಲ್ಲಿ ಬರೆಸಿಕೊಂಡು ಕುಣಿಯುತ್ತಾರೆ. ಬಳಸುವಾಗ ಎರಡು ಕಡೆ ಕಣ್ಣಿಡಬೇಕು. ಎ-ಏ, ಒ-ಓ ನಡುವಿನ ಭೇದ ನಾಗರಿಯ ರೂಢಿಯ ಬರವಣಿಗೆಯಲ್ಲಿ ಇಲ್ಲ. ತಮಿಳಿನಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ಹಾಗಾಗಿ ಅಲ್ಲಿಂದ ಕನ್ನಡಕ್ಕೆ ಬಂದದ್ದನ್ನು ಕೈಯಾರೆ ತಿದ್ದಿಕೊಳ್ಳಬೇಕು.

ಇವೆಲ್ಲಕ್ಕಿಂತ ನಾನು ದಿನವೂ ತೆರೆಯುವುದು ಅಲರ್ ನಿಘಂಟು. ವಿ. ಕೃಷ್ಣ ಎಂಬುವರು ಯಾವ ಸಂಸ್ಥೆಯ ಬೆಂಬಲವೂ ಇಲ್ಲದೆ ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಅರ್ಥ. ಮಲಯಾಳಕ್ಕೆ ಓಳಂ ಎಂಬ ನಿಘಂಟು ತಾಣ ಮಾಡಿದ್ದ ಕೈಲಾಶ್ ನಾಧ್ ಇದನ್ನು 2019ರಲ್ಲಿ ಜಾಲಕ್ಕೆ ತಂದರು. ಪುಟದಲ್ಲಿ ಒಂದು ಹುಡುಕು ಪಟ್ಟಿ, ಅಷ್ಟೆ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಕಣ್ಣು ಕುಕ್ಕುವ ಏನೂ ಇಲ್ಲ. ಕಾಗುಣಿತ ಸ್ವಲ್ಪ ಹೆಚ್ಚುಕಡಿಮೆಯಾದರೂ ಉಚ್ಚಾರಣೆ ಹೋಲುವ ಪದಗಳನ್ನು ಹುಡುಕಿ ಕೊಡುತ್ತದೆ. ಅಲ್ಪಪ್ರಾಣ-ಮಹಾಪ್ರಾಣದಲ್ಲಿ ತಡವರಿಸುವವರಿಗೆ ಇದಕ್ಕಿಂತ ಉಪಕಾರವಿಲ್ಲ. ಸುಮ್ಮನೆ ಆಡಲಿಕ್ಕೂ ಚೆನ್ನ: ಗೊತ್ತಿರುವ ಪದವನ್ನೇ ಹುಡುಕಿ, ನಮಗೆ ಗೊತ್ತಿಲ್ಲದ ಐದಾರು ಅರ್ಥ ಅದಕ್ಕಿರುವುದನ್ನು ನೋಡುತ್ತ ಹೋದರೆ ಕಾಫಿ ಆರಿಹೋಗಿರುತ್ತದೆ.

ಅಲರ್‌ನ ನಿಜವಾದ ಬೆಲೆ ಕಾಣುವುದು ಅದರ ಪರವಾನಗಿಯಲ್ಲಿ. ಇಡೀ ಪದಸಂಗ್ರಹವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಮ್ಮ ಆ್ಯಪಿಗೆ ಸೇರಿಸಿಕೊಳ್ಳಬಹುದು. ಮೂಲದ ಹೆಸರು ಹೇಳಬೇಕು, ತಿದ್ದಿ ಬೆಳೆಸಿದ ಸಂಗ್ರಹವನ್ನು ಅದೇ ಷರತ್ತಿನಲ್ಲಿ ಹಂಚಬೇಕು. ನಾಳೆ ಈ ತಾಣವೇ ಮುಚ್ಚಿಹೋದರೂ ನಿಘಂಟು ಸಾಯುವುದಿಲ್ಲ.

ಪುಕ್ಕಟೆ ತಾಣಗಳು ಸಾಯುತ್ತವೆ ಎಂಬುದು ಉತ್ಪ್ರೇಕ್ಷೆಯಲ್ಲ. ಅಮೆರಿಕದಲ್ಲಿ ಜಿಯೋಸಿಟೀಸ್ 2009ರಲ್ಲಿ ಹೋಯಿತು, ಗೂಗಲ್ ರೀಡರ್ 2013ರಲ್ಲಿ, ನಮ್ಮ ಕಾಲೇಜು ಹುಡುಗರ ಗೆಳೆತನವನ್ನೆಲ್ಲ ಹೊತ್ತುಕೊಂಡಿದ್ದ ಆರ್ಕುಟ್ 2014ರಲ್ಲಿ. ಮೂರನ್ನೂ ಮುಚ್ಚಿದ್ದು ದೊಡ್ಡ ಕಂಪನಿಗಳೇ, ಬಡವರಲ್ಲ. ಹೀಗೆ ಹೋದವರ ಗುರುತನ್ನು ಉಳಿಸುತ್ತಿರುವುದು ಸ್ಯಾನ್‌ಫ್ರಾನ್ಸಿಸ್ಕೊದ ಇಂಟರ್ನೆಟ್ ಆರ್ಕೈವ್. 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಥಾಪಿಸಿದ, ಲಾಭಕ್ಕಾಗಿ ನಡೆಯದ ಸಂಸ್ಥೆ. ಅದರ ವೇಬ್ಯಾಕ್ ಮಷೀನ್ 2001ರಲ್ಲಿ ಜನರಿಗೆ ತೆರೆದುಕೊಂಡಿತು; 2025ರ ಅಕ್ಟೋಬರ್ ಹೊತ್ತಿಗೆ ಅಲ್ಲಿ ಉಳಿದಿರುವ ಪುಟಗಳು ಒಂದು ಲಕ್ಷ ಕೋಟಿ. ಯಾವುದೇ ತಾಣದ ವಿಳಾಸ ಕೊಟ್ಟರೆ ವರ್ಷಗಳ ಪಟ್ಟಿ ಬರುತ್ತದೆ. ದಟ್ಸ್‌ಕನ್ನಡ ಎಂಬ ಸುದ್ದಿತಾಣದ ಕಾಲದ ಮುಖಪುಟಗಳನ್ನು ಹುಡುಕಿ ನೋಡಿ. ಯೂನಿಕೋಡ್‌ಗೆ ಮುಂಚಿನ ಪುಟಗಳಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೊಂಚಲು ಕಂಡರೆ ಗಾಬರಿಯಾಗಬೇಡಿ, ಆಗ ಒಂದೊಂದು ತಾಣಕ್ಕೂ ಒಂದೊಂದು ಫಾಂಟ್ ಬೇಕಿತ್ತು. ಅದೇ ಆರ್ಕೈವ್‌ನಲ್ಲಿ 1894ರ ಕಿಟೆಲ್ ನಿಘಂಟಿನ ಸ್ಕ್ಯಾನ್ ಕೂಡ ಇದೆ. ಅಲರ್‌ನಲ್ಲಿ ಸಿಗದ ಹಳೆಯ ಪದಕ್ಕೆ ಮುಂದಿನ ಬಾಗಿಲು ಅದು.

ವೇಬ್ಯಾಕ್‌ನಲ್ಲಿ ಹೆಚ್ಚಿನವರು ಗಮನಿಸದ ಗುಂಡಿ 'ಸೇವ್ ಪೇಜ್ ನೌ'. ನೇಮಕಾತಿ ಅಧಿಸೂಚನೆ, ಕೀ ಉತ್ತರ, ಶುಲ್ಕದ ಪಟ್ಟಿ, ಯಾವುದೇ ಪುಟದ ವಿಳಾಸವನ್ನು ಅಲ್ಲಿ ಅಂಟಿಸಿದರೆ ಆ ಕ್ಷಣದ ಪ್ರತಿ ದಿನಾಂಕದ ಸಮೇತ ದಾಖಲಾಗುತ್ತದೆ. ಆಮೇಲೆ ಮೂಲ ಪುಟ ಸದ್ದಿಲ್ಲದೆ ಬದಲಾದರೂ ಮೊದಲು ಏನಿತ್ತು ಎಂದು ತೋರಿಸಲು ಬರುತ್ತದೆ. ಲಾಗಿನ್ ಹಿಂದೆ ಅಡಗಿದ ಪುಟಗಳು ಮಾತ್ರ ಇದರ ಕೈಗೆ ಸಿಗುವುದಿಲ್ಲ. ಆದರೆ ಆರ್ಕೈವ್ ಕೂಡ ಅಭೇದ್ಯ ಕೋಟೆಯಲ್ಲ. 2024ರ ಅಕ್ಟೋಬರಿನಲ್ಲಿ ಕಿಡಿಗೇಡಿಗಳ ದಾಳಿಗೆ ಸಿಕ್ಕಿ ದಿನಗಟ್ಟಲೆ ಬಾಗಿಲು ಹಾಕಿತ್ತು. ನಡೆಯುತ್ತಿರುವುದು ಬಹುಪಾಲು ದೇಣಿಗೆಯಿಂದ.

ಹಾಗಾಗಿ ಆರ್ಕೈವ್ ಒಂದನ್ನು ಬಿಟ್ಟು ಈ ತಾಣಗಳನ್ನು ನಾನು ಎರಡು ಸಾಲಿನಲ್ಲಿ ನಿಲ್ಲಿಸುತ್ತೇನೆ. ಫೋಟೊಪಿಯಾ, ವಿಂಡಿ ಒಂದು ಸಾಲು. ಕೆಲಸದಲ್ಲಿ ಅವಕ್ಕೆ ಸಾಟಿಯಿಲ್ಲ, ಆದರೆ ಒಳಗುಟ್ಟು ಮಾಲೀಕರ ಕೈಯಲ್ಲಿದೆ. ಅವರು ಮನಸ್ಸು ಬದಲಿಸಿದ ದಿನ ನಾವು ಬೇರೆ ಅಂಗಡಿ ಹುಡುಕಬೇಕು. ಸ್ಕ್ವೂಷ್, ಅಕ್ಷರಮುಖಗಳ ಕೋಡ್, ಅಲರ್‌ನ ಪದಸಂಗ್ರಹ ಎಲ್ಲರಿಗೂ ತೆರೆದಿವೆ; ಅವು ಎರಡನೆಯ ಸಾಲು. ಮೊದಲ ಸಾಲಿನವನ್ನು ಮನಸಾರೆ ಬಳಸಿ, ಆದರೆ ನಿಮ್ಮ ಕೆಲಸದ ಪ್ರತಿಯನ್ನು ಅಂದಂದೇ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಶಾಲೆಗೋ ಪತ್ರಿಕಾ ಕಚೇರಿಗೋ ಹತ್ತು ವರ್ಷ ಬಾಳುವ ವ್ಯವಸ್ಥೆ ಮಾಡುವುದಿದ್ದರೆ ಎರಡನೆಯ ಸಾಲಿನಿಂದಲೇ ಆರಿಸಿ.